ರಾಯಚೂರು ಸೀಮೆ ಮತ್ತು ಎರಡು ಶಾಸನಸಭಾ ಭವನಗಳು

ರಾಯಚೂರು, ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರಿಗೆ ಪ್ರವಾಸ ಹೋದವರು ವಿಧಾನಸೌಧವನ್ನು ನೋಡದೆ ಹಿಂದಿರುಗುವುದು ವಿರಳ. ಬಹುಕಾಲ ಈ ನೋಟವು ಬೇಲಿಯ ಹೊರಗೆ ನಿಂತು ತೆಗೆಸಿಕೊಳ್ಳುವ ಛಾಯಾಚಿತ್ರಕ್ಕೆ ಸೀಮಿತವಾಗಿತ್ತು. 2025ರ ಜೂನ್ ತಿಂಗಳಲ್ಲಿ ಪ್ರವಾಸೋದ್ಯಮ ಇಲಾಖೆಯು ಮಾರ್ಗದರ್ಶಕರೊಡನೆ ಒಳಾವರಣವನ್ನು ನೋಡುವ ವ್ಯವಸ್ಥೆ ಮಾಡಿದ ಮೇಲೆ, ಅರ್ಜಿ ಹಿಡಿಯದ ಸಾಮಾನ್ಯನೂ ಟಿಕೆಟ್ ಪಡೆದು ಆ ಮೆಟ್ಟಿಲುಗಳನ್ನು ಏರುವಂತಾಯಿತು. ಹೀಗೆ ಏರುವ ಮಾನ್ವಿಯ ಪ್ರವಾಸಿಗೂ ಆ ಕಟ್ಟಡಕ್ಕೂ ಇರುವ ಚಾರಿತ್ರಿಕ ಸಂಬಂಧ ಮೈಸೂರಿನ ಪ್ರವಾಸಿಯದಕ್ಕಿಂತ ಭಿನ್ನವಾದುದು.

1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದಾಗ ವಿಧಾನಸೌಧವು ಹಳೆಯ ಮೈಸೂರು ರಾಜ್ಯದ ಕಟ್ಟಡವಾಗಿತ್ತು. ಕೆಂಗಲ್ ಹನುಮಂತಯ್ಯನವರು ಅದಕ್ಕೆ ಇಂದಿನ ಭವ್ಯರೂಪ ಕೊಡಿಸುತ್ತಿದ್ದ ಕಾಲದಲ್ಲಿ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಂದರೆ ಆ ಗ್ರಾನೈಟ್ ಕಂಬಗಳು ಏಳುತ್ತಿದ್ದಾಗ ಈ ಸೀಮೆಯ ಜನರಿಗೆ ಅದು ನೆರೆರಾಜ್ಯದ ಸುದ್ದಿ.

ಇವರ ಮೊದಲ ಸಭೆ ಬೇರೆಡೆ ಇತ್ತು. ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ವಿಲೀನಗೊಂಡು, 1952ರಲ್ಲಿ ಪ್ರಾಯಸ್ಕರ ಮತದಾನದ ಚುನಾವಣೆ ನಡೆಯಿತು. ಆಗ ಆಯ್ಕೆಯಾದ ರಾಯಚೂರು ಜಿಲ್ಲೆಯ ಪ್ರತಿನಿಧಿಗಳು ಕುಳಿತದ್ದು ಹೈದರಾಬಾದಿನ ಬಾಗೇ ಆಮ್ ಉದ್ಯಾನದ ಬಳಿಯ ಬಿಳಿಯ ಗುಮ್ಮಟಗಳ ಭವನದಲ್ಲಿ. 1905ರಲ್ಲಿ ಆರಂಭವಾಗಿ 1913ರಲ್ಲಿ ಮುಗಿದ ಅದು ಮೂಲತಃ ಪುರಭವನ, ನಿಜಾಮರ ಕಾಲದ್ದು. ಅರಸೊತ್ತಿಗೆಯ ಕಾಲದ ಆ ಕಟ್ಟಡದಲ್ಲಿ ತೆಲುಗು, ಮರಾಠಿ, ಕನ್ನಡ ಪ್ರದೇಶಗಳ ಪ್ರತಿನಿಧಿಗಳು ಒಟ್ಟಿಗೆ ಕುಳಿತರು. ಬೊಕ್ಕಸದ, ಭೂಮಿಯ ಲೆಕ್ಕವನ್ನು ಕೇಳುವ ಹಕ್ಕು ಈ ಸೀಮೆಯ ರೈತನಿಗೆ ತನ್ನ ಮತದ ಮೂಲಕ ಮೊದಲು ದೊರೆತದ್ದು ಅಲ್ಲಿ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಹೈದರಾಬಾದ್ ಸಭೆಯ ಕನ್ನಡ ಜಿಲ್ಲೆಗಳ ಸದಸ್ಯರು ಹೊಸ ಮೈಸೂರು ರಾಜ್ಯದ ಸಭೆಗೆ ಬಂದರು. ಅದೇ ವರ್ಷ ಮುಗಿದಿದ್ದ ವಿಧಾನಸೌಧದಲ್ಲಿ ಡಿಸೆಂಬರ್ 19ರಂದು ಆ ಸಭೆ ಸೇರಿತು. ಒಂದೇ ಅವಧಿಗೆ ಆಯ್ಕೆಯಾದವರು ಎರಡು ರಾಜಧಾನಿಗಳಲ್ಲಿ ಕುಳಿತಂತಾಯಿತು. ಇದು ಸಣ್ಣ ಸಂಗತಿಯೇನಲ್ಲ.

ಆಡುಮಾತಿನಲ್ಲಿ ಈ ಎರಡು ಪದರಗಳೂ ಉಳಿದಿವೆ. ಅರ್ಜಿ, ತಹಶೀಲು, ಫೈಸಲಾ, ಫಿರ್ಯಾದಿ ಮೊದಲಾದವು ಹಳೆಯ ಆಡಳಿತದ ಪದಗಳು. ಇವುಗಳಲ್ಲಿ ಕೆಲವು ಕರ್ನಾಟಕದ ಬೇರೆಡೆಯೂ ಇವೆ, ಆದರೆ ಇಲ್ಲಿನ ಮಾತಿನಲ್ಲಿ ಅವುಗಳ ಬಳಕೆ ಹೆಚ್ಚು ಸಹಜ. ‘ವಿಧಾನಸೌಧ’ ಅವುಗಳ ಮೇಲೆ ಬಂದು ಕುಳಿತ ಪದ. ತಾಲೂಕು ಕಚೇರಿಗಳನ್ನು ‘ಮಿನಿ ವಿಧಾನಸೌಧ’ ಎಂದು ಕರೆಯುವ ರೂಢಿಯಿಂದ ಅದು ಹಳ್ಳಿಗರ ಬಾಯಿಗೂ ಬಂತು. ಪದ ಹತ್ತಿರವಾದಷ್ಟು ಕಟ್ಟಡ ಹತ್ತಿರವಾಗಲಿಲ್ಲ: ರಾಯಚೂರಿನಿಂದ ಬೆಂಗಳೂರು ಹೈದರಾಬಾದಿನ ಸುಮಾರು ಎರಡು ಪಟ್ಟು ದೂರ. 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯ ಹಿಂದಿನ ದೀರ್ಘ ಬೇಡಿಕೆಯನ್ನು ಈ ಅಂತರವನ್ನು ಬಿಟ್ಟು ಅರ್ಥೈಸಲಾಗದು.

ಹೈದರಾಬಾದಿಗೆ ಹೋಗುವ ಈ ಭಾಗದ ಪ್ರವಾಸಿಗರು ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ವಸ್ತುಸಂಗ್ರಹಾಲಯಗಳನ್ನು ನೋಡುತ್ತಾರೆ. ಬಾಗೇ ಆಮ್ ಬಳಿಯ ಆ ಬಿಳಿಯ ಭವನ ತಮ್ಮ ಮೊದಲ ಶಾಸನಸಭೆಯೂ ಆಗಿತ್ತೆಂಬ ಅರಿವು ಪ್ರವಾಸದ ಪಟ್ಟಿಗಳಲ್ಲಿ ಕಾಣುವುದಿಲ್ಲ. 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದು ಆಂಧ್ರಪ್ರದೇಶಕ್ಕೆ ಸೇರಿದ ಗದ್ವಾಲ, ಆಲಂಪುರ ತಾಲೂಕುಗಳ ಜನರು ಮಾತ್ರ, ಈಗ ತೆಲಂಗಾಣದವರಾಗಿ, ಅದೇ ಆವರಣಕ್ಕೆ ತಮ್ಮ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದಾರೆ.