ರಣಭೈರವಿಯ ಜೋಡಿ

ಗೋಕಾಕವೆಂದರೆ ನಮ್ಮ ಪಟ್ಟಣಿಗರಿಗೆ ಕರದಂಟು ನೆನಪಾಗುತ್ತದೆ. ಮಳೆಗಾಲವಾದರೆ ಘಟಪ್ರಭೆಯ ಧಬಧಬೆ ನೆನಪಾಗುತ್ತದೆ. ಆ ಊರಿಗೊಂದು ಕೋಟೆಯಿತ್ತು, ಒಬ್ಬ ಹೆಂಗಸು ದಂಡು ಕಟ್ಟಿಕೊಂಡು ಬಂದು ಅದಕ್ಕೆ ಮುತ್ತಿಗೆ ಹಾಕಿದ್ದಳು ಎಂದರೆ, ಕೇಳಿದವರು ಕಿತ್ತೂರ ಚೆನ್ನಮ್ಮನ ಮಾತಿರಬೇಕೆಂದು ತಿಳಿಯುತ್ತಾರೆ. ಅಲ್ಲ. ಕಿತ್ತೂರಿನ ಕಾಳಗ ನಡೆದದ್ದು ೧೮೨೪ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಏಳುನೂರ ಎಪ್ಪತ್ತೇಳು ವರ್ಷ ಹಿಂದಿನ ಸಂಗತಿ.

ಆಕೆ ಅಕ್ಕಾದೇವಿ, ಕಲ್ಯಾಣದ ಚಾಲುಕ್ಯರ ಮನೆಮಗಳು; ಐದನೆಯ ವಿಕ್ರಮಾದಿತ್ಯ ಮತ್ತು ಎರಡನೆಯ ಜಯಸಿಂಹರ ಸೋದರಿ. ೧೦೨೨ರ ಹೊತ್ತಿಗೇ ಆಕೆ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು. ಬಾದಾಮಿಯ ಕಡೆಯ ಬೇಲೂರಿನ ಶಾಸನ ಆ ವರ್ಷವೇ ಅವಳನ್ನು ಯುದ್ಧದಲ್ಲಿ ಭೈರವಿಗೆ ಹೋಲಿಸಿದೆ. ‘ಗುಣದ ಬೆಡಂಗಿ’ ಎಂಬುದು ಅವಳ ಇನ್ನೊಂದು ಬಿರುದು. ಒಂದೇ ಹೆಂಗಸಿಗೆ ಬೆಡಂಗಿಯೆಂಬ ಹೆಸರೂ ಭೈರವಿಯೆಂಬ ಹೆಸರೂ ಸಂದದ್ದನ್ನು ಅಂದಿನ ಜನ ವಿಚಿತ್ರವೆಂದು ಎಣಿಸಿದಂತೆ ಕಾಣುವುದಿಲ್ಲ. ಮುಂದೆ ೧೦೪೭ರಲ್ಲಿ, ಅವಳ ಸೋದರನ ಮಗ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಹುನಗುಂದದ ಕಡೆಯ ಅರಸೀಬೀದಿಯ ಶಾಸನವು ಅವಳು ಗೋಕಾಗೆಯ ಕೋಟೆಯನ್ನು ಮುತ್ತಿದ ಸಂಗತಿಯನ್ನು ಹೇಳುತ್ತದೆ. ಆ ಗೋಕಾಗೆಯೇ ನಮ್ಮ ಗೋಕಾಕ. ಶಾಸನದ ಮುಖ್ಯ ವಿಷಯ ಒಂದು ಜಿನಾಲಯಕ್ಕೆ ಕೊಟ್ಟ ದತ್ತಿ. ಮುತ್ತಿಗೆ ನಡುವೆ ಬಂದುಹೋಗುವ ಮಾತು. ನನಗೆ ಹಿಡಿಸಿದ್ದು ಅದೇ. ಹೊಗಳಿಕೆಗೆಂದು ಹೇಳಿದ್ದಾದರೆ ಉತ್ಪ್ರೇಕ್ಷೆಯೆನ್ನಬಹುದಿತ್ತು. ಇಂತಹ ಅರಸಿ ಇಂತಹ ಕೋಟೆಯ ಮೇಲೆ ಹೋಗಿದ್ದಳು ಎಂದು ಲೋಕವ್ಯವಹಾರದಂತೆ ಹೇಳಿಬಿಟ್ಟಾಗ ನಂಬಿಕೆ ಹೆಚ್ಚುತ್ತದೆ.

ಈ ಎರಡು ಶಾಸನಗಳ ನಡುವೆ ಇಪ್ಪತ್ತೈದು ವರ್ಷಗಳಿವೆ. ಭೈರವಿಯೆನಿಸಿಕೊಂಡವಳು ಕಾಲು ಶತಮಾನ ಕಳೆದ ಮೇಲೂ ಪಾಳೆಯದಲ್ಲಿದ್ದಾಳೆ. ಅಷ್ಟು ವರ್ಷ ಕೈ ಪಳಗಿಸಿಕೊಂಡಿರಲು ಅವಳಿಗೆ ಅಭ್ಯಾಸ ಬೇಕಾಗಿತ್ತಲ್ಲವೆ? ಅಭ್ಯಾಸವೆಂದ ಮೇಲೆ ಎದುರಾಳಿ ಬೇಕು. ಇತಿಹಾಸಕಾರರು ಈ ಪ್ರಶ್ನೆಯನ್ನು ಕೇಳುವುದು ಕಡಿಮೆ. ಗರಡಿಯ ಮಣ್ಣು ಮೆಟ್ಟಿದವನು ಮೊದಲು ಕೇಳುವುದೇ ಇದನ್ನು. ದಂಡ, ಬೈಠಕ್ಕು, ಮಲ್ಲಕಂಬ ಇವನ್ನೆಲ್ಲ ಒಬ್ಬರೇ ಮಾಡಬಹುದು, ಮೈ ಗಟ್ಟಿಯಾಗುತ್ತದೆ. ಆದರೆ ಎದುರಿನವನ ಭುಜ ಅಲುಗುವ ಮೊದಲೇ ಅವನ ಏಟು ಎಲ್ಲಿಗೆ ಬರುತ್ತದೆಂದು ಅರಿಯುವುದು, ಎಷ್ಟು ದೂರ ನಿಂತರೆ ಕತ್ತಿಯ ಮೊನೆ ತಾಕದೆಂದು ಪಾದಕ್ಕೆ ತಿಳಿಯುವುದು, ಜೋಡಿಯಿಲ್ಲದೆ ಬರುವ ವಿದ್ಯೆಯಲ್ಲ. ಅರಮನೆಯಲ್ಲಿ ಅಕ್ಕಾದೇವಿಗೆ ಸಖಿಯರು ಸಿಕ್ಕಿದ್ದಾರು. ಆದರೆ ಗೋಕಾಗೆಯ ಕೋಟೆಯ ಗೋಡೆಯ ಮೇಲೆ ನಿಂತಿದ್ದವರು ಸಖಿಯರಲ್ಲ. ಗಂಡಸಿನ ತೋಳಿನ ಭಾರವನ್ನು ಮೊದಲೇ ಕಂಡವಳಲ್ಲದಿದ್ದರೆ ಅವಳು ಆ ಗೋಡೆಯ ಬಳಿಗೆ ಹೋಗುತ್ತಿರಲಿಲ್ಲ. ಅವಳ ಅಭ್ಯಾಸದ ಜೋಡಿ ಗಂಡಸೇ ಆಗಿದ್ದಿರಬೇಕೆಂದು ನನ್ನ ಊಹೆ. ಬಹುಶಃ ಒಡಹುಟ್ಟಿದವರು, ಬಹುಶಃ ಅರಮನೆಯ ಆಯುಧದ ಗುರು.

ಅದೇ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರ ವಯಸ್ಸು, ಊಟ, ಸಾಮು, ಪಟ್ಟು ಎಲ್ಲವನ್ನೂ ಅಲ್ಲಿ ವಿವರಿಸಿದೆ. ಅದು ಗಂಡುಮಲ್ಲರ ಲೋಕ. ಹೆಂಗಸರ ಕುಸ್ತಿಯ ಸುಳಿವು ಸಿಗುವುದು ವಿಜಯನಗರದಲ್ಲಿ: ಅಚ್ಯುತರಾಯನ ಕಾಲದಲ್ಲಿದ್ದ ಪೋರ್ಚುಗೀಸ ನೂನಿಜ್, ಅರಮನೆಯ ಸ್ತ್ರೀಯರಲ್ಲಿ ಲೆಕ್ಕ ಬರೆಯುವವರ, ಜೋಯಿಸ ಹೇಳುವವರ ಜತೆಗೆ ಕುಸ್ತಿಯಾಡುವವರನ್ನೂ ಹೆಸರಿಸುತ್ತಾನೆ. ಅಲ್ಲಿಯೂ ಎಲ್ಲ ಅರಮನೆಯ ಗೋಡೆಯೊಳಗೆ.

ನಮ್ಮ ಜಿಲ್ಲೆಗೆ ಮರಳಿದರೆ ಬೈಲಹೊಂಗಲದ ಕಡೆಯ ಬೆಳವಡಿ ಮಲ್ಲಮ್ಮ ಇದ್ದಾಳೆ. ದಕ್ಷಿಣದ ದಂಡಯಾತ್ರೆ ಮುಗಿಸಿ ಹಿಂತಿರುಗುತ್ತಿದ್ದ ಶಿವಾಜಿಯ ಸೈನ್ಯವನ್ನು ಅವಳು ತಡೆದ ಕಥೆಗೆ ಇಂಗ್ಲಿಷರ ಸಾಕ್ಷಿಯೂ ಉಂಟು. ಮೊಗಲರ ಕೈಯಲ್ಲೂ ಆಗದ ಅವಮಾನ ಈ ದೇಸಾಯಿಣಿಯ ಕೋಟೆಯೆದುರು ಆಯಿತೆಂಬ ಅರ್ಥದಲ್ಲಿ ರಾಜಾಪುರದ ಕೋಠಿಯವರು ೧೬೭೮ರ ಫೆಬ್ರುವರಿಯಲ್ಲಿ ಬರೆದಿದ್ದಾರೆ. ಧಾರವಾಡದ ಹತ್ತಿರದ ಯಾದವಾಡದಲ್ಲಿ ಆ ನೆನಪಿನದೆಂದು ಜನ ತೋರಿಸುವ ಶಿಲ್ಪವಿದೆ. (ಮೂಡಲಗಿಯ ಕಡೆಯೂ ಒಂದು ಯಾದವಾಡವಿದೆ; ಶಿಲ್ಪ ನೋಡಹೊರಟವರು ಬಸ್ಸು ಹತ್ತುವ ಮುನ್ನ ವಿಚಾರಿಸಿಕೊಳ್ಳಬೇಕು.) ಮಲ್ಲಮ್ಮ ಹೆಣ್ಣುಪಡೆಯನ್ನೇ ಕಟ್ಟಿದ್ದಳೆಂದು ಜನರ ಬಾಯಲ್ಲಿದೆ, ಸಂಖ್ಯೆಯನ್ನು ಎರಡು ಸಾವಿರವೆನ್ನುತ್ತಾರೆ. ಸಂಖ್ಯೆ ಎಷ್ಟಾದರೂ ಇರಲಿ, ಅರಸುಮನೆಯವರಲ್ಲದ ಹೆಣ್ಣುಗಳ ಕೈಗೆ ಆಯುಧ ಬಂದಿತೆಂದು ಹೇಳುವ ಕಥೆ ಇದು. ಈ ಕಾರಣಕ್ಕೆ ನನಗೆ ಮಲ್ಲಮ್ಮ ಚೆನ್ನಮ್ಮನಷ್ಟೇ ದೊಡ್ಡವಳಾಗಿ ಕಾಣುತ್ತಾಳೆ. ಕಾಕತಿಯ ಚೆನ್ನಮ್ಮ ಎಳವೆಯಲ್ಲಿ ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆ ಕಲಿತಳೆಂದು ಶಾಲೆಯ ಮಕ್ಕಳಿಗೂ ಗೊತ್ತು. ಅವಳೆದುರು ಕತ್ತಿ ಹಿಡಿದು ನಿಂತು ಕಲಿಸಿದವರ ಹೆಸರನ್ನು ಯಾವ ಲಾವಣಿಕಾರನೂ ಹಾಡಿಲ್ಲ.

ಅರಸುಮನೆಗಳು ಹೋದವು, ಗರಡಿಮನೆಗಳು ಉಳಿದವು. ಹುಕ್ಕೇರಿ, ಗೋಕಾಕ, ಮೂಡಲಗಿಯ ಸೀಮೆಗೆ ಕೊಲ್ಲಾಪುರ ದೂರವಲ್ಲ. ಶಾಹು ಮಹಾರಾಜರು ಪೋಷಿಸಿದ ಕುಸ್ತಿಯ ಗಾಳಿ ಇಲ್ಲಿಗೂ ಬೀಸಿತು. ತಾಲೀಮು, ವಸ್ತಾದ, ಪೈಲವಾನ ಎಂಬ ಮಾತುಗಳೆಲ್ಲ ಹೀಗೆಯೇ ಮನೆಮಾತಾದವು. ಜಾತ್ರೆಯೆಂದರೆ ತೇರಿನಷ್ಟೇ ಕುಸ್ತಿಯೂ ಮುಖ್ಯ. ಆದರೆ ಗರಡಿಯ ದೇವರು ಹನುಮಂತ, ವ್ರತ ಬ್ರಹ್ಮಚರ್ಯ. ಎಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ ಹಾಕಿ ಹದಮಾಡಿದ ಆ ಕೆಮ್ಮಣ್ಣನ್ನು ಹೆಂಗಸರು ತುಳಿಯಕೂಡದೆಂಬುದು ರೂಢಿ. ಅಕ್ಕಾದೇವಿಗೆ ಅಡ್ಡಿಯಾಗದ ಬಾಗಿಲು ಒಕ್ಕಲಿಗನ ಮಗಳಿಗೆ ಮುಚ್ಚಿತ್ತು. ಇದನ್ನು ಧರ್ಮವೆನ್ನುವುದಕ್ಕಿಂತ ಅಂತಸ್ತಿನ ಲೆಕ್ಕವೆಂದರೆ ಹೆಚ್ಚು ಸರಿಯಾದೀತು.

ಅಂತಸ್ತಿಲ್ಲದ ಒಬ್ಬ ಹೆಂಗಸು ಆ ಬಾಗಿಲನ್ನು ತಳ್ಳಿದಾಗ ಏನಾಯಿತೆಂಬುದಕ್ಕೆ ೧೯೫೪ನೆಯ ಇಸವಿ ಸಾಕ್ಷಿ. ಅಲೀಗಢದಲ್ಲಿ ಸಲಾಂ ಪೈಲವಾನನ ಕೈಕೆಳಗೆ ತಯಾರಾದ ಹಮೀದಾ ಬಾನು, ತನ್ನನ್ನು ಸೋಲಿಸಿದ ಗಂಡಸನ್ನು ಮದುವೆಯಾಗುವೆನೆಂದು ಆ ವರ್ಷ ಪಣ ಹೂಡಿದಳು. ಮೇ ತಿಂಗಳಲ್ಲಿ ಬಡೋದೆಯಲ್ಲಿ ಬಾಬಾ ಪೈಲವಾನನನ್ನು ಕೆಡವಲು ಅವಳಿಗೆ ಹಿಡಿದ ಸಮಯ ಒಂದು ನಿಮಿಷ ಮೂವತ್ತನಾಲ್ಕು ಸೆಕೆಂಡು. ಬಡೋದೆ ಆಗ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಗೋಕಾಕ, ಹುಕ್ಕೇರಿಗಳೂ ೧೯೫೬ರ ನವೆಂಬರ ಒಂದರವರೆಗೆ ಅದೇ ರಾಜ್ಯದ ಊರುಗಳು. ಆದ್ದರಿಂದ ಈ ಕಥೆ ನಮಗೆ ಹೊರಗಿನದಲ್ಲ. ಪುಣೆಯಲ್ಲಿ ರಾಮಚಂದ್ರ ಸಾಳುಂಕೆಯೊಡನೆ ಗೊತ್ತಾಗಿದ್ದ ಅವಳ ಕುಸ್ತಿ, ಕುಸ್ತಿ ಸಂಘದವರ ವಿರೋಧದಿಂದ ನಿಂತಿತು. ಇನ್ನೊಮ್ಮೆ ಅವಳು ಗಂಡಸನ್ನು ಗೆದ್ದಾಗ ಜನ ಕಲ್ಲು ತೂರಿದರು. ತನ್ನ ಪಂದ್ಯಗಳಿಗೆ ತಡೆ ಬಂದಾಗ ಅವಳು ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರಿಗೇ ದೂರಿಕೊಂಡಳು. ಹೆಂಗಸೆಂಬ ಕಾರಣಕ್ಕೆ ತಡೆದಿಲ್ಲ, ಸಂಘಟಕರು ಪೊಳ್ಳು ಎದುರಾಳಿಗಳನ್ನು ನಿಲ್ಲಿಸುತ್ತಾರೆಂದು ದೂರುಗಳಿವೆ ಎಂದು ಉತ್ತರ ಬಂತು. ಇರಬಹುದು; ಕುಸ್ತಿಯ ಟಿಕೇಟಿನ ವ್ಯಾಪಾರದಲ್ಲಿ ಮೋಸವೇನು ಹೊಸದಲ್ಲ. ಆದರೆ ಗಂಡಸರ ಕುಸ್ತಿಯಲ್ಲಿ ಪೊಳ್ಳು ಜೋಡಿ ಕಟ್ಟಿದರೆ ಗಂಡಸರ ಕುಸ್ತಿಯೇ ಸುಳ್ಳೆಂದು ಯಾರೂ ಹೇಳುವುದಿಲ್ಲ. ಹಮೀದಾಳ ವಿಷಯದಲ್ಲಿ ಮಾತ್ರ ಗೆದ್ದರೆ ಮೋಸ, ಸೋತರೆ ಸಹಜ ಎಂಬ ನ್ಯಾಯ.

೨೦೦೪ರಲ್ಲಿ ಹೆಂಗಸರ ಕುಸ್ತಿ ಒಲಿಂಪಿಕ್ಸಿಗೆ ಬಂತು. ಪಂದ್ಯದಲ್ಲಿ ಹೆಣ್ಣಿಗೆ ಹೆಣ್ಣೇ ಎದುರಾಳಿ, ನಿಯಮ ಸ್ಪಷ್ಟ. ಆದರೆ ಪಂದ್ಯ ಆರು ನಿಮಿಷದ್ದು, ಅಭ್ಯಾಸ ವರ್ಷಗಟ್ಟಲೆಯದು. ಹರಿಯಾಣದ ಬಲಾಲಿ ಗ್ರಾಮದಲ್ಲಿ ಮಹಾವೀರ ಸಿಂಗ್ ಫೋಗಟ್ ತನ್ನ ಹೆಣ್ಣುಮಕ್ಕಳನ್ನು ತಯಾರು ಮಾಡುವಾಗ ಊರಿನಲ್ಲಿ ಬೇರೆ ಹೆಣ್ಣು ಪೈಲವಾನರಿರಲಿಲ್ಲ. ಹುಡುಗರ ಮೇಲೆಯೇ ಬಿಟ್ಟ. ಹಿರಿಯವಳು ಗೀತಾ ೨೦೧೦ರ ಕಾಮನ್ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಳು. ರೋಹತಕದ ಸಾಕ್ಷಿ ಮಲಿಕಳೂ ಹುಡುಗರೊಡನೆ ಸೆಣಸಿಯೇ ಬೆಳೆದವಳು. ೨೦೧೬ರ ರಿಯೋದಲ್ಲಿ ಕಂಚು ತಂದಳು. ಕೇರಳದ ವಡಕರೆಯಲ್ಲಿ ಏಳನೆಯ ವಯಸ್ಸಿನಿಂದ ಕಳರಿ ಕಲಿತ ಮೀನಾಕ್ಷಿ ಅಮ್ಮ ಸೀರೆಯುಟ್ಟೇ ಗಂಡಸರೆದುರು ಕತ್ತಿ ಹಿಡಿದು ನಿಲ್ಲುತ್ತಾರೆ. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅವರ ವಯಸ್ಸು ಎಪ್ಪತ್ತನ್ನು ದಾಟಿತ್ತು.

ಹೆಣ್ಣು ಹೆತ್ತವರ ಅಂಜಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಕುಸ್ತಿ ಮೈಗೆ ಮೈ ತಾಗುವ ಆಟ. ಆದರೆ ೨೦೨೩ರ ಜನವರಿಯಲ್ಲಿ ಇದೇ ಸಾಕ್ಷಿ ಮತ್ತು ಸಂಗಡಿಗರು ದಿಲ್ಲಿಯ ಜಂತರ ಮಂತರದಲ್ಲಿ ಕುಳಿತಾಗ ಅವರು ಹೊರಿಸಿದ ಕಿರುಕುಳದ ಆರೋಪ ಅಭ್ಯಾಸದ ಜೋಡಿಯ ಮೇಲಾಗಿರಲಿಲ್ಲ, ಕುಸ್ತಿ ಫೆಡರೇಶನ್ನಿನ ಅಧ್ಯಕ್ಷರ ಮೇಲಾಗಿತ್ತು. ಮಣ್ಣಿನ ಮೇಲೆ ನಾಲ್ಕು ಜನರ ಕಣ್ಣೆದುರು, ವಸ್ತಾದನ ಕೈಯ ಬೆತ್ತದ ಅಳತೆಯೊಳಗೆ ನಡೆಯುವ ಸೆಣಸಾಟಕ್ಕೆ ಹೆದರುವವರು ಮುಚ್ಚಿದ ಕೋಣೆಯ ಕಡೆ ಕಣ್ಣು ಹಾಯಿಸಿದ್ದು ತೀರ ತಡವಾಗಿ.

ನಮ್ಮ ಕಡೆ ಹಳಿಯಾಳದಲ್ಲಿ ಹೆಣ್ಣುಮಕ್ಕಳು ಕುಸ್ತಿ ಕಲಿಯುತ್ತಿದ್ದಾರೆ. ೨೦೨೦ರಲ್ಲಿ ಧಾರವಾಡದ ಕುಸ್ತಿ ಹಬ್ಬದಲ್ಲಿ ಅವರ ಪಂದ್ಯಗಳೂ ನಡೆದವು. ಆದರೆ ಮೂಡಲಗಿಯ ಬಳಿಯ ಹಳ್ಳಿಯೊಂದರ ಹುಡುಗಿಗೆ ಕುಸ್ತಿಯ ಹುಚ್ಚು ಹತ್ತಿತೆನ್ನಿ. ಅವಳ ಊರಿನಲ್ಲಿ ಅವಳ ತೂಕದ ಇನ್ನೊಬ್ಬಳು ಸಿಗುವುದು ದುರ್ಲಭ. ಅಷ್ಟೇ ತೂಕದ ಹುಡುಗರು ಓಣಿಗೆ ನಾಲ್ವರಿದ್ದಾರು. ಅವಳು ಊರು ಬಿಟ್ಟು ಹಳಿಯಾಳಕ್ಕೆ ಹೋಗಬೇಕೋ, ಅಥವಾ ತನ್ನ ಅಣ್ಣ ದಿನಾ ಬೆಳಿಗ್ಗೆ ಹೋಗುವ ಗರಡಿಯ ಗಿಡ್ಡ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಕಾಲಿಡಬೇಕೋ ಎಂಬುದನ್ನು ಈಗ ಆ ಊರಿನ ವಸ್ತಾದನೇ ಹೇಳಬೇಕು.