ಗಡಿಯ ಸ್ಮೃತಿ, ಆಳ್ವಿಕೆಯ ವಿಸ್ಮೃತಿ: ಚಿಕ್ಕೋಡಿ ಸೀಮೆಯ ಒಂದು ಪರಿಶೀಲನೆ

ಇತಿಹಾಸಸ್ಮರಣೆಯು ಪ್ರಜೆಗಳ ಸಹಜಧರ್ಮವಾದರೂ, ಯಾವುದನ್ನು ನೆನೆಯತಕ್ಕದ್ದು, ಯಾವುದನ್ನು ಮರೆಯತಕ್ಕದ್ದು ಎಂಬುದನ್ನು ಸರ್ಕಾರಗಳೇ ನಿರ್ಣಯಿಸತೊಡಗಿದಲ್ಲಿ ಅದು ಆಳ್ವಿಕೆಯ ಉಪಕರಣವಾಗಿ ಪರಿಣಮಿಸುವುದೆಂಬುದಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗಡಿಸೀಮೆಯೇ ನಿದರ್ಶನ. ಮುಂಬಯಿ ಪ್ರಾಂತದ ಚಿಕ್ಕೋಡಿ, ಅಥಣಿಗಳೂ ಕೊಲ್ಹಾಪುರ ಸಂಸ್ಥಾನದ ರಾಯಬಾಗವೂ ಸ್ವಾತಂತ್ರ್ಯಾನಂತರ ಬೆಳಗಾವಿಯೆಂಬ ಒಂದೇ ಜಿಲ್ಲೆಯೊಳಗೆ ಬಂದು, ಚಂದಗಡ ತಾಲ್ಲೂಕನ್ನುಳಿದು ಆ ಜಿಲ್ಲೆಯು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಆ ದಿನವೇ ಕರ್ನಾಟಕಕ್ಕೆ ರಾಜ್ಯೋತ್ಸವ. ಈ ಸೀಮೆಯು ಮಹಾರಾಷ್ಟ್ರಕ್ಕೆ ಸೇರತಕ್ಕದ್ದೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಗೆ ಕರಾಳ ದಿನ.

ಈ ಗಡಿವಿವಾದದಲ್ಲಿ ಮಹಾಜನ ಆಯೋಗದ ವರದಿಯೇ ಅಂತಿಮವೆಂಬುದು ಕರ್ನಾಟಕದ ಪ್ರಮುಖ ಪಕ್ಷಗಳೆಲ್ಲವುಗಳ ಘೋಷವಾಕ್ಯ. 1967ರ ಆ ವರದಿಯು ಬೆಳಗಾವಿಯನ್ನು ನಮಗುಳಿಸಿ, ಅಕ್ಕಲಕೋಟೆಯನ್ನು ನಮಗೆ ಕೊಡಿಸಿ, ನಿಪ್ಪಾಣಿ, ಖಾನಾಪುರಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದಿತೆಂಬುದು ಮಾತ್ರ ವೇದಿಕೆಗಳ ಮೇಲೆ ಕೇಳಬರುವುದು ಅಪರೂಪ. ಮಹಾರಾಷ್ಟ್ರವೋ, ತಾನೇ ಪಟ್ಟುಹಿಡಿದು ಪಡೆದ ಆಯೋಗದ ತೀರ್ಮಾನವನ್ನು ತಾನೇ ತಿರಸ್ಕರಿಸಿದುದನ್ನು ನೆನೆಯಲೊಲ್ಲದು. ಆ ರಾಜ್ಯವು 2004ರಲ್ಲಿ ಹೂಡಿದ ದಾವೆಯು ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಗದಿರುವಾಗಲೇ, 2022ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಎರಡೂ ಶಾಸನಸಭೆಗಳು ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಅಂಗೀಕರಿಸಿದುವು, ನಿಷೇಧಾಜ್ಞೆಗಳು ಹೊರಟುವು, ನಿಪ್ಪಾಣಿಯ ಬಳಿಯ ಕೊಗನೊಳ್ಳಿಯಲ್ಲಿ ಕೊಲ್ಹಾಪುರದ ನಾಯಕರನ್ನು ಪೊಲೀಸರು ತಡೆದರು. ಆಪತ್ಕಾಲಕ್ಕೆಂದು ಕಾನೂನು ಕಲ್ಪಿಸಿದ ಅಧಿಕಾರವು ಶಾಸನಸಭೆಯ ಅಧಿವೇಶನಕಾಲದ ವಾಡಿಕೆಯಾಗುವುದು ನ್ಯಾಯಾಧೀನ ಆಳ್ವಿಕೆಗೆ ಶೋಭಿಸುವುದಿಲ್ಲ.

ಆದರೆ ನೆನೆದುದಕ್ಕಿಂತ ಮರೆತುದೇ ಹೆಚ್ಚು ವಿಚಾರಾರ್ಹವೆಂದು ನನಗೆ ತೋರುತ್ತದೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆಯನ್ನು ಕೇಳಿ, ಕನ್ನಡ ಮರಾಠಿಗಳೆಂಬ ಭೇದವೆಣಿಸದೆ, ಶರದ್ ಜೋಶಿಯವರ ಮುಂದಾಳ್ತನದಲ್ಲಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಮಡಿದರು. ಏಪ್ರಿಲ್ ತಿಂಗಳ ಆ ಮರಣಗಳನ್ನು ರೈತರು ನೆನೆಯುವರಲ್ಲದೆ, ಗಡಿಯ ಎರಡು ಬದಿಯ ಸರ್ಕಾರಗಳೂ ತಮ್ಮ ಉತ್ಸವಗಳ ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಭಾಷೆಯ ಗೆರೆಯನ್ನು ದಾಟಿದ ದುಃಖವು ಯಾವ ಪಕ್ಷದ ಮತಪೆಟ್ಟಿಗೆಗೂ ಉಪಯೋಗಕ್ಕೆ ಬರುವುದಿಲ್ಲವಷ್ಟೆ.

ಇಂತಹುದೇ ಮತ್ತೊಂದು ಮರೆವು ಪಂಚಾಯಿತಿ ಚುನಾವಣೆಗಳದು. ಐದು ವರ್ಷಗಳ ಅವಧಿ ತೀರುವ ಮುನ್ನವೇ ಚುನಾವಣೆ ನಡೆಯತಕ್ಕದ್ದೆಂದು ಸಂವಿಧಾನದ 243-ಇ ವಿಧಿಯು ಸ್ಪಷ್ಟವಾಗಿ ಹೇಳಿರುವಾಗಲೂ, ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ 2024 ಕಳೆದರೂ ಮತದಾನವಾಗಲಿಲ್ಲ. 2022ರಲ್ಲಿ ಅವಧಿ ತೀರಿದ ಕೊಲ್ಹಾಪುರ ಜಿಲ್ಲಾ ಪರಿಷತ್ತಿಗೂ ಅಲ್ಲಿಯವರೆಗೆ ಅದೇ ಗತಿ. ಪರಸ್ಪರರ ಮಾತನ್ನು ಒಪ್ಪದ ಎರಡು ಸರ್ಕಾರಗಳು ಈ ಒಂದು ವಿಷಯದಲ್ಲಿ ಏಕಮತವಾಗಿದ್ದುವು. 2016ರ ತರುವಾಯ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳ ಮತದಾರರು 2024ರ ಅಂತ್ಯದವರೆಗೆ ತಮ್ಮದೇ ತಾಲ್ಲೂಕು ಪಂಚಾಯಿತಿಗೆ ಒಮ್ಮೆಯೂ ಮತ ಹಾಕಿರಲಿಲ್ಲ.