ಎರಡನೆಯ ಅಕ್ಷರ ಳ

ಮೂರು ವರ್ಷದ ಹಿಂದೆ ಹೈದರಾಬಾದಿನ ಒಂದು ಕಂಪನಿ ನನಗೊಂದು ಕೆಲಸ ಕೊಟ್ಟಿತು. ಮೊಬೈಲಿನಲ್ಲಿ ಆಡುವ ಪದದಾಟ. ಇಂಗ್ಲಿಷಿನಲ್ಲಿ ಆಗಲೇ ಓಡುತ್ತಿತ್ತು, ಕನ್ನಡದಲ್ಲೂ ತರಬೇಕೆಂದಿದ್ದರು. ಕರಾರಿನಲ್ಲಿದ್ದದ್ದು ಇಷ್ಟೇ: ಐದಕ್ಷರದ ಎರಡು ಸಾವಿರ ಕನ್ನಡ ಪದಗಳು, ಪದಕ್ಕೆ ಇಷ್ಟು ದುಡ್ಡು. ಅನುವಾದಕ್ಕಿಂತ ಸುಲಭ ಅಂದುಕೊಂಡು ಒಪ್ಪಿಕೊಂಡೆ. ಮೊದಲ ಕಂತಿನಲ್ಲಿ ಇನ್ನೂರು ಪದ ಕಳಿಸಿದೆ. ಹೆಚ್ಚುಕಡಿಮೆ ಎಲ್ಲವೂ ವಾಪಸು ಬಂದವು. ಕಾರಣದ ಜಾಗದಲ್ಲಿ 'ಐದಕ್ಷರ ಇಲ್ಲ' ಎಂದಿತ್ತು.

ಅವರ ತಂತ್ರಾಂಶ ಎಣಿಸುತ್ತಿದ್ದದ್ದು ಕಂಪ್ಯೂಟರಿನೊಳಗಿನ ಸಂಕೇತಗಳನ್ನು. ನನ್ನ 'ಕಡಲೆಕಾಯಿ' ಅದಕ್ಕೆ ಎಂಟು, ಏಕೆಂದರೆ ಎತ್ವ, ದೀರ್ಘ, ಗುಡಿಸು ಎಲ್ಲಕ್ಕೂ ಒಂದೊಂದು ಲೆಕ್ಕ. 'ಸ್ತ್ರೀ' ಒಂದೇ ಅಕ್ಷರ, ಅದಕ್ಕೆ ಆರು. ತಮಾಷೆಯೆಂದರೆ 'ಕನ್ನಡ' ಎಂಬ ಪದ ಸರಿಯಾಗಿ ಐದು: ಕ, ನ, ವಿರಾಮದ ಗುರುತು, ನ, ಡ. ಅದನ್ನು ಮಾತ್ರ ಅವರು ಸಂತೋಷದಿಂದ ಇಟ್ಟುಕೊಂಡಿದ್ದರು. ದುಡ್ಡು ಪದದ ಲೆಕ್ಕದಲ್ಲಿ ಬರುವುದರಿಂದ ಅಕ್ಷರವೆಂದರೆ ಏನು ಎಂಬ ಪ್ರಶ್ನೆ ನನಗೆ ಆ ತಿಂಗಳ ಮನೆಬಾಡಿಗೆಯ ಪ್ರಶ್ನೆಯೂ ಆಗಿತ್ತು.

ಇಂಗ್ಲಿಷಿಗೆ ಈ ತೊಂದರೆ ಇಲ್ಲ. ಒಂದು ಚೌಕಕ್ಕೆ ಒಂದು ಅಕ್ಷರ, ಮುಗಿಯಿತು. 1879ರಲ್ಲಿ ಲೂಯಿಸ್ ಕ್ಯಾರಲ್ 'ವ್ಯಾನಿಟಿ ಫೇರ್' ಪತ್ರಿಕೆಯಲ್ಲಿ ಶುರುಮಾಡಿದ 'ಡಬ್ಲೆಟ್ಸ್' ಆಟ ನಡೆಯುವುದೇ ಸಮ ಉದ್ದದ ಪದಗಳಿಂದ: ಒಂದೊಂದೇ ಅಕ್ಷರ ಬದಲಿಸುತ್ತ ಒಂದು ಪದದಿಂದ ಇನ್ನೊಂದಕ್ಕೆ ಹೋಗಬೇಕು. 1913ರಲ್ಲಿ ಆರ್ಥರ್ ವಿನ್ ಅವರ ಪದಬಂಧ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂತು. 2021ರ ಅಕ್ಟೋಬರಿನಲ್ಲಿ ಜಾಶ್ ವಾರ್ಡಲ್ ಲೋಕಕ್ಕೆ ಬಿಟ್ಟ 'ವರ್ಡಲ್' ಅನ್ನು ನೀವೂ ಆಡಿರಬಹುದು. ಇಂಗ್ಲಿಷಿನ ಸುಮಾರು 12,000 ಐದಕ್ಷರದ ಪದಗಳಿಂದ ಜನಕ್ಕೆ ಗೊತ್ತಿರುವ ಸುಮಾರು 2,300ನ್ನು ಆರಿಸಿಕೊಟ್ಟವರು ಅವರ ಸಂಗಾತಿ ಪಲಕ್ ಶಾ. ಆಟದ ಹೊಗಳಿಕೆಯಲ್ಲಿ ಪಟ್ಟಿ ಮಾಡಿದವರ ಹೆಸರು ಬರುವುದು ಕಡಿಮೆ. ಪಟ್ಟಿ ಮಾಡಿ ಕೈಸುಟ್ಟುಕೊಂಡವಳಾದ್ದರಿಂದ ಹೇಳುತ್ತಿದ್ದೇನೆ.

'ಇಷ್ಟು ಉದ್ದ, ಇಂಥ ಜಾಗದಲ್ಲಿ ಇಂಥ ಅಕ್ಷರ ಇರುವ ಪದ ಬೇಕು' ಎಂಬ ಹುಡುಕಾಟ ಕನ್ನಡಕ್ಕೆ ಹೊಸದಲ್ಲ. ಅದರ ಹೆಸರು ಪ್ರಾಸ. ಸಾಲಿನ ಕೊನೆಯ ಪ್ರಾಸವಲ್ಲ, ಆದಿಪ್ರಾಸ. ಪದ್ಯದ ನಾಲ್ಕೂ ಪಾದಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಬೇರೆಯಾದೀತು. ಮೊದಲ ಅಕ್ಷರ ಒಂದು ಕಡೆ ದೀರ್ಘವಾದರೆ ನಾಲ್ಕೂ ಕಡೆ ದೀರ್ಘ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ 'ಛಂದೋಂಬುಧಿ'ಯಲ್ಲಿ ಇವಕ್ಕೆ ಪ್ರಾಣಿಗಳ ಹೆಸರು ಹೇಳುತ್ತಾನೆ: ಮೊದಲಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಸೊನ್ನೆಯಿದ್ದರೆ ವೃಷಭ. ಎರಡನೆಯದು ದ್ವಿತ್ವವಾದರೆ ಹಯ.

ಅವನಿಗೂ ಮೊದಲು, ಒಂಬತ್ತನೆಯ ಶತಮಾನದಲ್ಲಿ, 'ಕವಿರಾಜಮಾರ್ಗ' ಪ್ರಾಸವನ್ನು ಚರ್ಚಿಸಿತ್ತು. ಅದು ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ ಇಲ್ಲಿಂದ ದೂರವಿಲ್ಲ. ಹೈದರಾಬಾದಿನಿಂದ ವಾಡಿಯ ಕಡೆ ರೈಲು ಹಿಡಿದರೆ ತಾಂಡೂರು, ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. 1956ರವರೆಗೆ ಆ ಊರೂ ಈ ಊರೂ ಹೈದರಾಬಾದ್ ಎಂಬ ಒಂದೇ ರಾಜ್ಯದಲ್ಲಿದ್ದವು. ಊರಿಗೆ ಹೋಗುವಾಗಲೆಲ್ಲ ಕಿಟಕಿಯಿಂದ ಆ ಫಲಕ ನೋಡುತ್ತೇನೆ. ಒಮ್ಮೆಯೂ ಇಳಿದಿಲ್ಲ.

ಈಗ ಒಂದು ಹುಡುಕಾಟ ಮಾಡೋಣ. ಮೊದಲಕ್ಷರ ದೀರ್ಘ, ಎರಡನೆಯದು ಳ: ಕೇಳು, ಕೋಳಿ, ನಾಳೆ, ಬಾಳು. ನಾಲ್ಕು ಪಾದಕ್ಕೆ ನಾಲ್ಕು ಪದ, ಗಜಪ್ರಾಸ ಸಿದ್ಧ. ಆದರೆ ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಇದನ್ನು ಒಪ್ಪುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಕೇಳು, ನಾಳೆ ಒಂದು ಜಾತಿ. ಹಳೆಗನ್ನಡದ ಕೋೞಿ, ಬಾೞ್ ಇನ್ನೊಂದು. ೞ ಎಂದರೆ 'ತಮಿೞ್' ಎಂಬ ಹೆಸರಿನ ಕೊನೆಯಲ್ಲಿ, 'ಆಲಪ್ಪುೞ'ದ ತುದಿಯಲ್ಲಿ ಇರುವ ದನಿ. ಕೇಶಿರಾಜನ ಹೊತ್ತಿಗೆ ಅದು ಕನ್ನಡದ ಕಿವಿಯಿಂದ ಬಹುಮಟ್ಟಿಗೆ ಜಾರಿಹೋಗಿತ್ತು. ಕೇಳಿ ಬೇರ್ಪಡಿಸಲಾಗದ್ದನ್ನು ಪ್ರಾಸದಲ್ಲಿ ಬೇರ್ಪಡಿಸುವುದು ಹೇಗೆ? ಹಾಗಾಗಿ ೞ ಬರುವ ಪದಗಳನ್ನು ಅವನು ಸಾಲಾಗಿ ಪಟ್ಟಿಮಾಡಿಕೊಟ್ಟ. ಅವನ ಅಪ್ಪ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ' ಎಂಬ ಪದ್ಯಸಂಕಲನ ಮಾಡಿದವನು; ಹಳೆಯ ಕವಿಗಳ ಪ್ರಯೋಗಗಳು ಮನೆಯಲ್ಲೇ ಇದ್ದವು. 1872ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲ್ ಈ ವ್ಯಾಕರಣವನ್ನು ಅಚ್ಚುಮಾಡಿಸಿದರು.

ಎಂ.ಎ. ಓದುವಾಗ ಈ ಪಟ್ಟಿ ನನಗೆ ಒಣ ಬಾಯಿಪಾಠವಾಗಿತ್ತು. ಅದು ಜೀವ ತಳೆದದ್ದು ಇಲ್ಲಿಯ ಊಟದ ಮೇಜಿನಲ್ಲಿ. ಕರೀಂನಗರದ ಸಹೋದ್ಯೋಗಿ ಕೋಳಿಗೆ 'ಕೋಡಿ', ಏಳಕ್ಕೆ 'ಏಡು' ಎನ್ನುತ್ತಾನೆ. ಮಧುರೈಯಾಕೆಗೆ ಅವು 'ಕೋೞಿ', 'ಏೞು'. ಅದೇ ಮುಳ್ಳು ತೆಲುಗಿನಲ್ಲಿ 'ಮುಲ್ಲು', ತೆಲಂಗಾಣದವರ ಪ್ರೀತಿಯ ಕಳ್ಳು 'ಕಲ್ಲು'. ಅಂದರೆ ನಮ್ಮ ಳ ಇರುವಲ್ಲಿ ತೆಲುಗಿನವರು ಡ ಎಂದರೆ ಅದು ಹಿಂದೆ ೞ, ಲ ಎಂದರೆ ಮೊದಲಿಂದಲೂ ಳ. ಎಲ್ಲ ಕಡೆ ಇಷ್ಟು ಅಚ್ಚುಕಟ್ಟಲ್ಲ. ಹುಳು (ಹಳೆಯ ಪುೞು) ಅವರಲ್ಲಿ 'ಪುರುಗು', ಡ ಬದಲು ರ. ನಮ್ಮಲ್ಲೂ ವ್ಯಂಜನದ ಮುಂದೆ ಬಂದ ೞ ಕರಗಿಯೇ ಹೋಯಿತು: ಪೊೞ್ತು ಹೊತ್ತಾಯಿತು, ಕೞ್ತೆ ಕತ್ತೆಯಾಯಿತು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಕಲಿಸಿದ ಭದ್ರಿರಾಜು ಕೃಷ್ಣಮೂರ್ತಿಯವರ 2003ರ ದ್ರಾವಿಡ ಭಾಷೆಗಳ ಗ್ರಂಥದಲ್ಲಿ ಇಂಥ ಹೊಂದಿಕೆಗಳು ಶಿಸ್ತಾಗಿ ಸಿಗುತ್ತವೆ. ನನಗೆ ಮಾತ್ರ ಅವು ಟಿಫಿನ್ ಡಬ್ಬಿಯ ಜೊತೆ ನೆನಪಾಗುತ್ತವೆ.

1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಆದಿಪ್ರಾಸವನ್ನು ಕೈಬಿಟ್ಟರು. ಅಂಥ ಪಟ್ಟಿಗಳ ಅಗತ್ಯ ಕವಿಗಳಿಗೆ ಮೆಲ್ಲಗೆ ತೀರಿತು. ಪೈಗಳದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಆದರೆ ಪ್ರಾಸದ ಹಟ ಇಲ್ಲದಿದ್ದರೆ ಕೇಶಿರಾಜ ಆ ಪಟ್ಟಿಗಾಗಿ ಅಷ್ಟು ಕಷ್ಟಪಡುತ್ತಿದ್ದನೇ ಎಂಬ ಅನುಮಾನವೂ ಇದೆ.

ನನ್ನ ಪಟ್ಟಿಯ ಕಥೆ ಹೀಗಾಯಿತು. ಎರಡು ವಾರದ ಪತ್ರವ್ಯವಹಾರದ ನಂತರ ಕಂಪನಿಯವರು ಒಂದು ಅಕ್ಷರಕ್ಕೆ ಒಂದು ಚೌಕ ಎಂದು ಒಪ್ಪಿದರು, ಮತ್ತೆ ಐದು ಚೌಕವನ್ನು ಮೂರಕ್ಕಿಳಿಸಿದರು. ಎರಡು ಚೌಕದ ಸುಲಭದ ಹಂತವೂ ಸೇರಿತು. ವಾಪಸಾದ ಪದಗಳ ದುಡ್ಡಿನಲ್ಲಿ ಅರ್ಧ ಬಂತು. ಪಟ್ಟಿಯಲ್ಲಿ ಕೇಳು, ಕೋಳಿ ಅಕ್ಕಪಕ್ಕದಲ್ಲೇ ಇವೆ. ಸುಮ್ಮನಿರಲಾರದೆ ನಾನು ಪಕ್ಕದ ಅಂಕಣದಲ್ಲಿ ಹಳೆಯ ರೂಪಗಳನ್ನೂ ಬರೆದು ಕಳಿಸಿದ್ದೆ. ಯಾರೂ ಕೇಳಿರಲಿಲ್ಲ.

ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ೞಕ್ಕೆ ತಪ್ಪಾಗಿ 'ಫ' ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಹಾಗಾಗಿ ತಿದ್ದುಪಡಿಯನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಕಂಪನಿಯ ತಂತ್ರಾಂಶ ಓದಿದ್ದು ಮೊದಲ ಹೆಸರನ್ನು. ಸಂಜೆ ಕರೀಂನಗರದ ಅದೇ ಹುಡುಗ ಫೋನ್ ಮಾಡಿದ.

"ಮೇಡಂ, ಕೋಳಿ ಒಳಗೆ ಫ ಯಾಕೆ ಬಂದಿದೆ?"

ಅದು ಫ ಅಲ್ಲಪ್ಪ, ನಿಮ್ಮ ಕೋಡಿಯ ಡ, ಎಂದೆ.